ನಾಯಿಗಳಿಗೆ ಬಿರುಮಳೆಯ ಮುನ್ಸೂಚನೆ ದೊರೆಯುವುದೆ? ಚಿಕ್ಕಬಳ್ಳಾಪುರ ಪ್ರಾಂತದ ಒಂದು ನಂಬಿಕೆಯ ಪರಿಶೀಲನೆ

ಬೇಸಗೆಯ ಕೊನೆಯಲ್ಲಿ, ಅಶ್ವಿನಿ ಭರಣಿ ಮಳೆಗಳ ಕಾಲಕ್ಕೆ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಒಂದು ಮಾತು ಕೇಳಿಬರುವುದುಂಟು. ಆಕಾಶ ಇನ್ನೂ ತಿಳಿಯಾಗಿರುವಾಗಲೇ ನಾಯಿ ನೆಲ ಕೆರೆಯುತ್ತದೆ, ಮುಗಿಲಿಗೆ ಮುಖವೆತ್ತಿ ಊಳಿಡುತ್ತದೆ, ಇಲ್ಲವೆ ಮಂಚದಡಿ ಸೇರಿ ಹೊರಗೆ ಬರಲೊಲ್ಲದು. ಸ್ವಲ್ಪ ಹೊತ್ತಿಗೆ ಗಾಳಿಯೆದ್ದು ಗುಡುಗು ಸಿಡಿಲಿನ ಮಳೆ ಸುರಿಯುತ್ತದೆ. ಆದಕಾರಣ ಮನುಷ್ಯನಿಗೆ ತಿಳಿಯದ ಮಳೆ ನಾಯಿಗೆ ಮೊದಲೇ ತಿಳಿಯುತ್ತದೆ, ಎಂಬುದೇ ಆ ಮಾತು. ಇದನ್ನು ಹೇಳುವವರು ಸುಳ್ಳು ಹೇಳುವವರಲ್ಲ. ತಾವು ಕಂಡುದನ್ನೇ ಹೇಳುತ್ತಾರೆ. ಆದರೆ ಕಂಡುದು ಎಷ್ಟು, ಕಂಡುದರಿಂದ ಊಹಿಸಿಕೊಂಡುದು ಎಷ್ಟು ಎಂಬುದನ್ನು ಬೇರ್ಪಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಚರಿತ್ರೆಯನ್ನು ಬೋಧಿಸುವವರಿಗೆ ನಾಯಿಯ ವಿಚಾರವೇಕೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ಪ್ರಾಣಿಶಾಸ್ತ್ರಕ್ಕೆ ಸೇರಿದ್ದೆಂಬುದು ನಿಜ. ಆದರೆ ಅದರ ಉತ್ತರವೆಲ್ಲ ಸಾಕ್ಷ್ಯದ ಮೇಲೆ ನಿಂತಿದೆ. ಸಾಕ್ಷ್ಯವನ್ನು ತೂಗಿ ನೋಡುವುದು ನಮ್ಮ ಕಸುಬು. ಅಲ್ಲದೆ ಈ ನಂಬಿಕೆಗೆ ಸುಮಾರು 1,500 ವರ್ಷಗಳ ಲಿಖಿತ ಪರಂಪರೆಯೂ ಇದೆ. ಇನ್ನೊಂದು ಕಾರಣ ಇವೆರಡಕ್ಕಿಂತ ಮುಖ್ಯವಾದುದು. ಸಿಡಿಲಿನಿಂದ ಭಾರತದಲ್ಲಿ ಪ್ರತಿವರ್ಷ 2,000ಕ್ಕೂ ಹೆಚ್ಚು ಜನರು ಸಾಯುತ್ತಿದ್ದಾರೆ. ಇವರಲ್ಲಿ ಬಹುಪಾಲು ಹೊಲದಲ್ಲಿ ದುಡಿಯುವವರು, ದನ ಕುರಿ ಮೇಯಿಸುವವರು. ಮಂದೆಯ ಬಳಿ ನಾಯಿಯಿದೆ, ಅಪಾಯ ಬಂದರೆ ಅದು ತಿಳಿಸುತ್ತದೆ ಎಂದು ನೆಚ್ಚಿಕೊಂಡ ಕುರಿಗಾಹಿಗೆ ಆ ನೆಚ್ಚಿಕೆ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದು ಪ್ರಾಣದ ಪ್ರಶ್ನೆ.

ಹಳೆಯ ಗ್ರಂಥಗಳ ಸಾಕ್ಷ್ಯ

ಆರನೆಯ ಶತಮಾನದ ವರಾಹಮಿಹಿರನು ತನ್ನ 'ಬೃಹತ್ಸಂಹಿತೆ'ಯಲ್ಲಿ ಕೂಡಲೇ ಬರಲಿರುವ ಮಳೆಯ ಲಕ್ಷಣಗಳಿಗಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಇರುವೆಗಳು ತಮ್ಮ ಮೊಟ್ಟೆಗಳನ್ನು ಸಾಗಿಸುವುದು, ಹಾವುಗಳು ಮರವೇರುವುದು ಮುಂತಾದವುಗಳ ಜೊತೆಗೆ ಅಲ್ಲಿ ನಾಯಿಯೂ ಬರುತ್ತದೆ. ದನಗಳು ಮನೆಬಿಟ್ಟು ಹೊರಡಲೊಲ್ಲದೆ ಕಿವಿ ಗೊರಸುಗಳನ್ನು ಒದರಿದರೆ, ನಾಯಿಗಳೂ ಹಾಗೆಯೇ ಮಾಡಿದರೆ, ಮಳೆ ಬರುವುದೆಂದು ಹೇಳಬಹುದು ಎಂಬುದು ಅವನು ಕೊಟ್ಟ ಒಂದು ಲಕ್ಷಣ. ನಾಯಿಗಳು ಮನೆಯ ಮಾಡಿನ ಮೇಲೆ ನಿಂತು ಆಕಾಶವನ್ನು ನೋಡುತ್ತ ಅತ್ತರೆ, ಹಗಲಿನಲ್ಲೇ ಈಶಾನ್ಯದಲ್ಲಿ ಮಿಂಚಿದರೆ, ಭೂಮಿಯೆಲ್ಲ ನೀರಾಗುವಷ್ಟು ಮಳೆಯಾಗುವುದೆಂಬುದು ಇನ್ನೊಂದು. ಈ ಎರಡನೆಯ ಲಕ್ಷಣ ವಿಶೇಷವಾಗಿ ಗಮನಿಸತಕ್ಕದ್ದು. ನಾಯಿಯ ಕೂಗಿನ ಜೊತೆಗೆ ಮಿಂಚೂ ಕಾಣಬೇಕೆಂದು ಅಲ್ಲಿ ಹೇಳಿದೆ. ಮಿಂಚು ಕಂಡಮೇಲೆ ಮಳೆಯನ್ನು ಊಹಿಸಲು ನಾಯಿಯ ಅವಶ್ಯಕತೆಯಿಲ್ಲ.

ಕನ್ನಡದಲ್ಲಿಯೂ ಇಂಥ ಶಾಸ್ತ್ರ ಬೆಳೆದಿತ್ತು. ಪಶ್ಚಿಮ ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನೆಂಬ ಕವಿ ರಚಿಸಿದ 'ಲೋಕೋಪಕಾರ'ದಲ್ಲಿ ಜನಜೀವನಕ್ಕೆ ಬೇಕಾದ ಇತರ ವಿದ್ಯೆಗಳೊಂದಿಗೆ ಮಳೆಯ ವಿಚಾರವೂ ಸೇರಿದೆ. (ಶ್ರವಣಬೆಳಗೊಳದ ಚಾವುಂಡರಾಯನು ಬೇರೆ.) ಸುಮಾರು 1300ರಲ್ಲಿದ್ದ ಜೈನ ಕವಿ ರಟ್ಟಕವಿಯ 'ರಟ್ಟಮತ'ವಂತೂ ಮಳೆ, ಸಿಡಿಲು, ಭೂಕಂಪ, ಶಕುನಗಳನ್ನೇ ವಸ್ತುವಾಗಿ ಉಳ್ಳ ಗ್ರಂಥ, ಮುಂದೆ ಅದು ತೆಲುಗಿಗೂ ಹೋಯಿತು. ಕನ್ನಡ ತೆಲುಗುಗಳೆರಡೂ ಮನೆಮಾತಾಗಿರುವ ನಮ್ಮ ಪ್ರಾಂತದಲ್ಲಿ ಮಳೆಯ ನಂಬಿಕೆಗಳು ಎರಡು ಭಾಷೆಗಳಲ್ಲಿಯೂ ಸಂಚರಿಸಿರುವುದರಲ್ಲಿ ಆಶ್ಚರ್ಯವಿಲ್ಲ.

ಶಾಸ್ತ್ರಗ್ರಂಥಗಳ ಮಾತು ಹೀಗಿದ್ದರೆ, ಕಲ್ಲಿನ ಸಾಕ್ಷ್ಯದ ರೀತಿಯೇ ಬೇರೆ. ನಾಯಿಯ ವಿಚಾರದಲ್ಲಿ ಕನ್ನಡನಾಡಿನ ಅತ್ಯಂತ ಪ್ರಸಿದ್ಧವಾದ ಶಾಸನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನದು, ಕಾಲ ಕ್ರಿ.ಶ. 949-50. ಗಂಗರ ಇಮ್ಮಡಿ ಬೂತುಗನಿಂದ ಮಣಲೇರನು ಕೇಳಿ ಪಡೆದ 'ಕಾಳಿ' ಎಂಬ ನಾಯಿ ದೊಡ್ಡದೊಂದು ಹಂದಿಯೊಡನೆ ಕಾದಿ, ಎರಡೂ ಸತ್ತುವೆಂದೂ, ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರೆಂದೂ ಅದು ತಿಳಿಸುತ್ತದೆ. ಆ ಶಾಸನ ಒಂದು ದಿನ, ಒಂದು ಸ್ಥಳದಲ್ಲಿ, ಒಂದು ನಾಯಿ ಮಾಡಿದ ಕಾರ್ಯವನ್ನು ಹೇಳುತ್ತದೆ. ಶಕುನಶಾಸ್ತ್ರವಾದರೋ ಎಲ್ಲ ನಾಯಿಗಳೂ ಎಲ್ಲ ಕಾಲದಲ್ಲಿಯೂ ಹೀಗೆ ಮಾಡುತ್ತವೆ ಎಂಬ ನಿಯಮವನ್ನು ಹೇಳುತ್ತದೆ. ಘಟನೆಯ ಸಾಕ್ಷ್ಯ ಬೇರೆ, ನಿಯಮದ ಸಾಕ್ಷ್ಯ ಬೇರೆ. ನಿಯಮವನ್ನು ಸ್ಥಾಪಿಸಬೇಕಾದರೆ ಅದು ನಿಜವಾದ ದಿನಗಳ ಜೊತೆಗೆ ಹುಸಿಯಾದ ದಿನಗಳ ಲೆಕ್ಕವೂ ಬೇಕು. ಆ ಲೆಕ್ಕವನ್ನು ಹಳೆಯ ಗ್ರಂಥಗಳು ಕೊಡುವುದಿಲ್ಲ.

ಬಿರುಮಳೆಯ ಸ್ವರೂಪ

ನಾಯಿಗೆ ಏನು ತಿಳಿಯಬಲ್ಲದು ಎಂಬುದನ್ನು ವಿಚಾರಿಸುವ ಮುನ್ನ, ತಿಳಿಯಲು ಅಲ್ಲಿ ಏನಿದೆ ಎಂಬುದನ್ನು ನೋಡಬೇಕು. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರಚಿತವಾದ ಚಿಕ್ಕಬಳ್ಳಾಪುರ ಜಿಲ್ಲೆಗೆ ವರ್ಷಪೂರ್ತಿ ಹರಿಯುವ ಹೊಳೆಯಿಲ್ಲ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿಗಳು ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿದರೂ ಇಲ್ಲಿ ಅವು ಮಳೆಗಾಲದ ಹಳ್ಳಗಳಷ್ಟೆ. ಕೆರೆ ತುಂಬಿದರೆ ಬೆಳೆ. ಆದುದರಿಂದ ಜನರ ಕಣ್ಣು ಸದಾ ಮುಗಿಲಿನ ಮೇಲೆ. ಆದರೆ ಅದೇ ಮುಗಿಲು ಏಪ್ರಿಲ್ ಮೇ ತಿಂಗಳುಗಳಲ್ಲಿ ಆಲಿಕಲ್ಲನ್ನು ಸುರಿಸಿದರೆ ಚಿಕ್ಕಬಳ್ಳಾಪುರದ ದ್ರಾಕ್ಷಿಯ ಚಪ್ಪರಗಳೂ ಚಿಂತಾಮಣಿಯ ಮಾವಿನ ತೋಪುಗಳೂ ಅರ್ಧ ಗಂಟೆಯಲ್ಲಿ ಹಾಳಾಗಬಲ್ಲವು.

ಹಗಲೆಲ್ಲ ಕಾದ ನೆಲದ ಮೇಲಣ ಬಿಸಿಗಾಳಿ ತೇವವನ್ನು ಹೊತ್ತು ಮೇಲೇರುತ್ತದೆ. 10-15 ಕಿಲೋಮೀಟರು ಎತ್ತರದ ಗುಡುಗುಮೋಡ ಕಟ್ಟುತ್ತದೆ. ಮೋಡದೊಳಗೆ ಮಂಜಿನ ಹರಳುಗಳೂ ಆಲಿಕಲ್ಲುಗಳೂ ಪರಸ್ಪರ ಘರ್ಷಿಸಿ ವಿದ್ಯುತ್ತು ಬೇರ್ಪಡುತ್ತದೆ. ಮಳೆ ಬೀಳತೊಡಗಿದಾಗ ಅದರೊಡನೆ ತಣ್ಣನೆಯ ಗಾಳಿಯೂ ಕೆಳಗೆ ಧುಮುಕಿ, ನೆಲಕ್ಕೆ ತಾಗಿ, ಎಲ್ಲ ಕಡೆಗೂ ಹರಡುತ್ತದೆ. ಮಳೆಗಿಂತ ಮುಂಚೆ ಧೂಳೆಬ್ಬಿಸಿಕೊಂಡು ಬರುವ ತಂಪುಗಾಳಿ ಇದೇ. ಮಳೆಯ ಅಂಚಿಗಿಂತ ಹಲವು ಕಿಲೋಮೀಟರು ಮುಂದಾಗಿ ಇದು ಓಡಬಲ್ಲದು. ಹೀಗೆ ಬಿರುಮಳೆ ತನಗಿಂತ ಮುಂಚೆ ಗುಡುಗಿನ ಸದ್ದು, ಗಾಳಿ, ಮಣ್ಣಿನ ವಾಸನೆ, ವಾಯುಭಾರದ ಏರಿಳಿತ, ವಿದ್ಯುತ್ ಕ್ಷೇತ್ರದ ವ್ಯತ್ಯಾಸ ಎಂಬ ಐದು ದೂತರನ್ನು ಕಳುಹಿಸುತ್ತದೆ. ಇವುಗಳಲ್ಲಿ ಯಾವುದು ನಾಯಿಗೆ ನಮಗಿಂತ ಮೊದಲು ಮುಟ್ಟಬಹುದು ಎಂಬುದನ್ನು ಕ್ರಮವಾಗಿ ವಿಚಾರಮಾಡೋಣ.

ನಾಯಿಯ ಇಂದ್ರಿಯಗಳು

ಮೊದಲು ಕಿವಿ. ನಾಯಿಗೆ ಮನುಷ್ಯನಿಗಿಂತ ತೀಕ್ಷ್ಣವಾದ ಕಿವಿಯಿದೆ, ಆದುದರಿಂದ ದೂರದ ಗುಡುಗಿನ ಅತಿಮಂದ್ರ ಸ್ವರವನ್ನು ಅದು ಕೇಳಬಲ್ಲದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಮೊದಲನೆಯ ಭಾಗ ನಿಜ, ಎರಡನೆಯ ಭಾಗ ನಿಲ್ಲುವುದಿಲ್ಲ. ಅಮೆರಿಕದ ಹೆನ್ರಿ ಹೆಫ್ನರ್ ಎಂಬ ವಿದ್ವಾಂಸರು ಸಣ್ಣ ದೊಡ್ಡ ಜಾತಿಯ ನಾಯಿಗಳನ್ನು ಪರೀಕ್ಷಿಸಿ 1983ರಲ್ಲಿ ಪ್ರಕಟಿಸಿದ ಅಳತೆಯಂತೆ, ನಾಯಿಯ ಶ್ರವಣದ ಎಲ್ಲೆ ಸೆಕೆಂಡಿಗೆ ಸುಮಾರು 67 ಕಂಪನಗಳಿಂದ 45,000 ಕಂಪನಗಳವರೆಗೆ. ಅದೇ ತೀವ್ರತೆಯ ಸದ್ದನ್ನಿಟ್ಟುಕೊಂಡು ಹೋಲಿಸಿದರೆ ಮನುಷ್ಯನ ಕಿವಿ ಕೆಳಗಡೆ ಸುಮಾರು 31 ಕಂಪನಗಳವರೆಗೂ ಇಳಿಯುತ್ತದೆ. ಮೇಲುಗಡೆ 18,000ದ ಹತ್ತಿರ ನಿಂತುಬಿಡುತ್ತದೆ. ಎಂದರೆ ನಾಯಿಯ ಹೆಚ್ಚಳವೆಲ್ಲ ಕೀಚು ಸ್ವರದಲ್ಲಿ. ಮಂದ್ರಸ್ವರದಲ್ಲಿ ಮನುಷ್ಯನೇ ಒಂದು ಕೈ ಮೇಲು. ಗುಡುಗಾದರೋ ದೂರ ಹೋದಷ್ಟೂ ತನ್ನ ಉಚ್ಚ ಸ್ವರಗಳನ್ನು ಕಳೆದುಕೊಂಡು ಬರಿಯ ಗುಡುಗುಡು ಸದ್ದಾಗಿ ಉಳಿಯುತ್ತದೆ. ಆ ಸದ್ದು ನಾಯಿಯ ಕಿವಿಗೆ ಅನುಕೂಲವಾದುದಲ್ಲ. ಪಾರಿವಾಳಕ್ಕೆ ಸೆಕೆಂಡಿಗೆ ಒಂದಕ್ಕಿಂತ ಕಡಿಮೆ ಕಂಪನದ ಸದ್ದೂ ತಿಳಿಯುತ್ತದೆಂಬುದನ್ನು 1970ರ ದಶಕದ ಪ್ರಯೋಗಗಳು ತೋರಿಸಿವೆ; ಆನೆಯೂ ಮನುಷ್ಯನಿಗಿಂತ ಕೆಳಗಿನ ಸ್ವರವನ್ನು ಕೇಳುತ್ತದೆ. ಅವುಗಳ ಗುಣವನ್ನು ನಾಯಿಗೆ ಆರೋಪಿಸುವುದು ಸರಿಯಲ್ಲ. ಆದರೂ ಒಂದನ್ನು ಒಪ್ಪಬೇಕು. ಮಧ್ಯಮ ಸ್ವರಗಳಲ್ಲಿ ನಾಯಿಯ ಕಿವಿ ಸೂಕ್ಷ್ಮ, ನಿದ್ರೆಯೂ ಹಗುರ. ಮಾತುಕತೆಯಲ್ಲಿಯೋ ಪಂಪಿನ ಸದ್ದಿನಲ್ಲಿಯೋ ಮುಳುಗಿದ ಮನುಷ್ಯನು ಗಮನಿಸದ ಗುಡುಗನ್ನು ಅದು ಗಮನಿಸಬಹುದು.

ಎರಡನೆಯದು ಮೂಗು. ಇಲ್ಲಿ ನಾಯಿಗೆ ಎದುರಿಲ್ಲ. ಒಣಗಿದ ಮಣ್ಣಿಗೆ ಹನಿ ಬಿದ್ದಾಗ ಏಳುವ ಕಂಪಿಗೆ ಆಸ್ಟ್ರೇಲಿಯದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ವಿಜ್ಞಾನಿಗಳು 1964ರಲ್ಲಿ 'ಪೆಟ್ರಿಕೋರ್' ಎಂದು ಹೆಸರಿಟ್ಟರು. ಮಣ್ಣಿನ ಸೂಕ್ಷ್ಮಜೀವಿಗಳು ಉಂಟುಮಾಡುವ 'ಜಿಯೋಸ್ಮಿನ್' ಎಂಬ ದ್ರವ್ಯ ಆ ಕಂಪಿನ ಒಂದು ಅಂಶ. ಮನುಷ್ಯನ ಮೂಗೂ ಅದನ್ನು ಅತ್ಯಲ್ಪ ಪ್ರಮಾಣದಲ್ಲಿ ಹಿಡಿಯಬಲ್ಲದು. ಗೌರಿಬಿದನೂರಿನ ಕಡೆ ಬಿದ್ದ ಮಳೆಯ ವಾಸನೆಯನ್ನು ತಂಪುಗಾಳಿ ಇತ್ತ ಹೊತ್ತು ತಂದರೆ ನಾಯಿಯ ಮೂಗಿಗೆ ಅದು ನಮಗಿಂತ ಮೊದಲು ತಾಗುವುದು ಸಹಜ. ಆದರೆ ಅದಕ್ಕೆ ಗಾಳಿ ಮಳೆಯ ಕಡೆಯಿಂದಲೇ ಬೀಸಬೇಕು. ಮಳೆ ಆಗಲೇ ಎಲ್ಲಿಯೋ ಬಿದ್ದಿರಲೂ ಬೇಕು. ಇದು ಬರಲಿರುವುದನ್ನು ಅರಿಯುವುದಲ್ಲ, ಆಗಿರುವುದನ್ನು ಬೇಗ ಅರಿಯುವುದು.

ಇನ್ನು ವಾಯುಭಾರ ಮತ್ತು ವಿದ್ಯುತ್ತು. ಹಕ್ಕಿಗಳ ಕಿವಿಯ ಬಳಿ ಗಾಳಿಯ ಒತ್ತಡವನ್ನು ಅರಿಯುವುದೆಂದು ಊಹಿಸಲಾದ ಒಂದು ಸಣ್ಣ ಅಂಗವುಂಟು, ನಾಯಿಗೆ ಅಂಥದಿಲ್ಲ. ಗುಡುಗುಮೋಡದ ಕೆಳಗೆ ನೆಲದ ಬಳಿಯ ವಿದ್ಯುತ್ ಕ್ಷೇತ್ರ ಮೀಟರಿಗೆ ಸಾವಿರಾರು ವೋಲ್ಟುಗಳಿಗೆ ಏರುವುದು ನಿಜ. ಅದರಿಂದ ನಾಯಿಯ ಕೂದಲು ನಿಮಿರಿ ಅದಕ್ಕೆ ಕಸಿವಿಸಿಯಾಗಬಹುದೆಂದು ಕೆಲವರು ಊಹಿಸಿದ್ದಾರೆ. ಊಹೆ ಅಸಂಭವವಲ್ಲ, ಸಿದ್ಧಪಟ್ಟುದೂ ಅಲ್ಲ. ಸಿದ್ಧಪಟ್ಟರೂ ಆ ಹೊತ್ತಿಗೆ ಮೋಡ ತಲೆಯ ಮೇಲೆಯೇ ಇರುತ್ತದೆಂಬುದನ್ನು ಮರೆಯಬಾರದು.

ಕಲಿತ ಭಯ

ಇಂದ್ರಿಯಗಳ ಲೆಕ್ಕ ಇಷ್ಟಕ್ಕೇ ನಿಂತರೆ, ಆಕಾಶ ತಿಳಿಯಾಗಿರುವಾಗಲೇ ಕೆಲವು ನಾಯಿಗಳು ಮಂಚದಡಿ ಸೇರುವುದು ಹೇಗೆ? ಇದಕ್ಕೆ ಉತ್ತರ ನೆನಪಿನಲ್ಲಿದೆ. ಫಿನ್ಲೆಂಡಿನಲ್ಲಿ ಸುಮಾರು 13,700 ಸಾಕುನಾಯಿಗಳನ್ನು ಕುರಿತು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ 32ರಷ್ಟು ನಾಯಿಗಳಿಗೆ ಸದ್ದಿನ ಭಯವಿತ್ತು. ಗುಡುಗಿಗೆ ಒಮ್ಮೆ ಹೆದರಿದ ನಾಯಿ, ಗುಡುಗಿಗೆ ಮುಂಚೆ ಬರುವ ಪ್ರತಿಯೊಂದನ್ನೂ, ಗಾಳಿಯ ದಿಕ್ಕು ತಿರುಗುವುದು, ಬೆಳಕು ಮಂಕಾಗುವುದು, ಕಿಟಕಿಯ ಬಾಗಿಲು ಬಡಿಯುವುದು ಇವೆಲ್ಲವನ್ನೂ, ಭಯದೊಡನೆ ಗಂಟುಹಾಕಿಕೊಳ್ಳುತ್ತದೆ.

ಈ ಗಂಟಿನ ಬಲವನ್ನು ತೋರಿಸುವ ಪ್ರಸಿದ್ಧ ನಿದರ್ಶನವೊಂದು ರಷ್ಯದಲ್ಲಿ ದೊರೆಯುತ್ತದೆ. ನಾಯಿಗಳ ಕಲಿಕೆಯನ್ನು ಕುರಿತ ಪ್ರಯೋಗಗಳಿಂದ ಜಗದ್ವಿಖ್ಯಾತನಾದ ಇವಾನ್ ಪಾವ್ಲೊವನ ಪ್ರಯೋಗಶಾಲೆಗೆ 1924ರ ಸೆಪ್ಟೆಂಬರ್ 23ರಂದು ಲೆನಿನ್‌ಗ್ರಾಡಿನ ಮಹಾಪ್ರವಾಹದ ನೀರು ನುಗ್ಗಿತು. ಗೂಡುಗಳಲ್ಲಿದ್ದ ನಾಯಿಗಳನ್ನು ಬಹಳ ಕಷ್ಟದಿಂದ ಹೊರತೆಗೆದು ಉಳಿಸಿದರು. ಆಮೇಲೆ ನೋಡಿದರೆ ಕೆಲವು ನಾಯಿಗಳು ಅದುವರೆಗೆ ಕಲಿತದ್ದನ್ನೆಲ್ಲ ಮರೆತಿದ್ದುವು. ಅವುಗಳಲ್ಲಿ ಒಂದು ಚೇತರಿಸಿಕೊಂಡ ತರುವಾಯ, ಕೋಣೆಯ ಬಾಗಿಲಡಿಯಿಂದ ಸ್ವಲ್ಪ ನೀರನ್ನು ಹರಿಯಬಿಟ್ಟುದೇ ತಡ, ಪ್ರವಾಹದ ದಿನದ ಕಳವಳವೆಲ್ಲ ಮರಳಿ ಬಂದಿತು. ಆ ನಾಯಿ ಮತ್ತೊಂದು ಪ್ರವಾಹವನ್ನು ಮುಂಗಂಡಿತೆಂದು ಯಾರೂ ಹೇಳುವಂತಿಲ್ಲ. ಅದು ಹಿಂದಿನದನ್ನು ನೆನೆಯಿತು. ನಮ್ಮ ಹಳ್ಳಿಯ ನಾಯಿ ತಂಪುಗಾಳಿಗೆ ಹೆದರಿ ಮುದುಡುವುದೂ ಇದೇ ಜಾತಿಯದು.

ನಾಯಿಯ ಕಲಿಕೆಗೆ ಇನ್ನೊಂದು ಪಾಠಪುಸ್ತಕವುಂಟು, ಅದೇ ಮನುಷ್ಯನು. ಬರ್ಲಿನ್ನಿನಲ್ಲಿ ಲೆಕ್ಕ ಮಾಡುತ್ತದೆಂದು ಹೆಸರಾಗಿದ್ದ 'ಹಾನ್ಸ್' ಎಂಬ ಕುದುರೆ, ಪ್ರಶ್ನೆ ಕೇಳುವವರ ಮುಖದ ಮತ್ತು ಮೈಯ ಅತಿಸೂಕ್ಷ್ಮ ಚಲನೆಗಳನ್ನು ನೋಡಿ ಉತ್ತರ ಕೊಡುತ್ತಿತ್ತೆಂದು ಆಸ್ಕರ್ ಫುಂಗ್ಸ್ಟ್ 1907ರಲ್ಲಿ ತೋರಿಸಿಕೊಟ್ಟನು. ಕುದುರೆಗೆ ಸಾಧ್ಯವಾದುದು ಸಾವಿರಾರು ವರ್ಷಗಳಿಂದ ನಮ್ಮೊಡನೆ ಬಾಳಿದ ನಾಯಿಗೆ ಅಸಾಧ್ಯವೆ? ಮೋಡ ಕಂಡೊಡನೆ ಕಣದಲ್ಲಿ ಹರಡಿದ ಕಾಳನ್ನು ಬಾಚುವುದು, ಶಿಡ್ಲಘಟ್ಟದ ಕಡೆ ಹಣ್ಣಾದ ಹುಳುಗಳನ್ನು ಬಿಟ್ಟ ಚಂದ್ರಂಕಿಗಳನ್ನು ಅವಸರದಿಂದ ಒಳಕ್ಕೆ ಸಾಗಿಸುವುದು, ಹೆಂಗಸರು ಮಾಳಿಗೆಯ ಮೇಲಣ ಸಂಡಿಗೆಯನ್ನು ಇಳಿಸಿಕೊಳ್ಳುವುದು ಇವೆಲ್ಲವನ್ನೂ ಬಾಗಿಲಲ್ಲಿ ಮಲಗಿದ ನಾಯಿ ನೋಡುತ್ತಿರುತ್ತದೆ. ಮನೆಯವರಿಗೆ ಮಳೆಯ ಶಂಕೆ ಬಂದುದೇ ಅದಕ್ಕೆ ಸಾಕಾದ ಸೂಚನೆ. ಹೀಗೆ ಅದು ನಮ್ಮಿಂದ ಅರಿತುದನ್ನು ನಾವು ಅದರಿಂದ ಅರಿತೆವೆಂದು ಭಾವಿಸುವ ಸಂದರ್ಭಗಳೂ ಇಲ್ಲದಿಲ್ಲ.

ಲೆಕ್ಕದ ಪ್ರಶ್ನೆ

ಆದರೂ "ಎಷ್ಟೋ ಸಲ ಹೀಗೆ ನಡೆದದ್ದು ಕಂಡಿದ್ದೇವೆ" ಎನ್ನುವವರಿಗೆ ಉತ್ತರ ಹೇಳಬೇಕಾಗಿದೆ. ತಿಳಿಯುವುದಕ್ಕಾಗಿ ಒಂದು ಕಲ್ಪಿತ ಲೆಕ್ಕವನ್ನು ಹಾಕೋಣ. ಮೇ ತಿಂಗಳ 30 ಸಂಜೆಗಳಲ್ಲಿ 10 ಸಂಜೆ ಮಳೆಯಾಯಿತೆನ್ನಿ. ಆ ಹತ್ತರಲ್ಲಿ 6 ಸಂಜೆ ಮಳೆಗೆ ಮೊದಲು ನಾಯಿ ಊಳಿಟ್ಟಿತು. ಹತ್ತಕ್ಕೆ ಆರು ಎಂದಾಗ ನಾಯಿಯ ಮಾತು ಬಹುಮಟ್ಟಿಗೆ ನಿಜವೆಂದೇ ತೋರುತ್ತದೆ. ಆದರೆ ಮಳೆಯಿಲ್ಲದ 20 ಸಂಜೆಗಳಲ್ಲಿ 12 ಸಂಜೆಯೂ ಅದು ಊಳಿಟ್ಟಿದ್ದರೆ? ಇಪ್ಪತ್ತಕ್ಕೆ ಹನ್ನೆರಡೆಂದರೂ ಹತ್ತಕ್ಕೆ ಆರೇ. ಮಳೆ ಬಂದರೂ ಬಾರದಿದ್ದರೂ ನಾಯಿ ಒಂದೇ ಸಮನಾಗಿ ಊಳಿಡುತ್ತಿದೆ. ಅದರ ಊಳಿಗೂ ಮಳೆಗೂ ಸಂಬಂಧವೇ ಇಲ್ಲ. ಆದರೆ ಮಳೆ ಬಂದ ಆರು ಸಂಜೆಗಳು ಜನರ ಬಾಯಲ್ಲಿ ಉಳಿಯುತ್ತವೆ; ಒಣಗಿ ಹೋದ ಹನ್ನೆರಡು ಸಂಜೆಗಳನ್ನು ಯಾರೂ ನೆನೆಯುವುದಿಲ್ಲ. ನೆನಪು ಕೈಗೂಡಿದುದನ್ನು ಇಟ್ಟುಕೊಂಡು ಹುಸಿಯಾದುದನ್ನು ಬಿಟ್ಟುಬಿಡುತ್ತದೆ.

ಈ ದೋಷಕ್ಕೆ ಪರಿಹಾರವೇನೆಂಬುದನ್ನು ನಮ್ಮ ಪ್ರಾಂತದಲ್ಲಿಯೇ ನೋಡಬಹುದು. ಗೌರಿಬಿದನೂರಿನ ಬಳಿಯ ಪುರಾತನ ಗಟ್ಟಿಬಂಡೆಯ ಮೇಲೆ 1965ರಲ್ಲಿ ಭೂಕಂಪನವನ್ನು ಅಳೆಯುವ ಯಂತ್ರಗಳ ಒಂದು ಸಾಲನ್ನು ಪರಮಾಣು ಶಕ್ತಿ ಇಲಾಖೆಯವರು ಸ್ಥಾಪಿಸಿದರು. ಆ ಯಂತ್ರಗಳ ಹಿರಿಮೆ ಅವುಗಳ ಸೂಕ್ಷ್ಮತೆಯೊಂದರಲ್ಲಿಯೇ ಇಲ್ಲ. ಭೂಮಿ ಕಂಪಿಸಿದ ದಿನದಂತೆಯೇ ಕಂಪಿಸದ ದಿನವನ್ನೂ ಅವು ಬಿಡದೆ ಬರೆದಿಡುತ್ತವೆ. ನಾಯಿಯ ವಿಚಾರದಲ್ಲಿ ಬೇಕಾದುದು ಇಂಥ ದಾಖಲೆಯೇ. ಅದೇ ಗೌರಿಬಿದನೂರಿನಲ್ಲಿ 1976ರಿಂದ ಆಕಾಶದ ರೇಡಿಯೋ ಅಲೆಗಳನ್ನು ಹಿಡಿಯುವ ದೂರದರ್ಶಕವೂ ಇದೆ. ಕಡಿಮೆ ಕಂಪನದ ರೇಡಿಯೋ ಅಲೆಗಳಲ್ಲಿ ಮಿಂಚಿನ ಗದ್ದಲ ಹೆಚ್ಚು. ಹಳೆಯ ರೇಡಿಯೋ ಪೆಟ್ಟಿಗೆಯಲ್ಲಿ ಮಳೆಗಾಲದ ಸಂಜೆ ಕೇಳುತ್ತಿದ್ದ ಚರಚರ ಸದ್ದು ಅದೇ. ಮಿಂಚು ಹೊರಡಿಸುವ ಅಲೆಗಳನ್ನು ನೂರಾರು ಕಿಲೋಮೀಟರು ದೂರದಿಂದ ಹಿಡಿದು ಅದರ ಸ್ಥಾನವನ್ನು ಗುರುತಿಸುವ ವಿದ್ಯೆ ಈಗ ಬಳಕೆಯಲ್ಲಿದೆ. ಪುಣೆಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯ 'ದಾಮಿನಿ', ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಎಂಬ ಮೊಬೈಲ್ ಆ್ಯಪ್‌ಗಳು ಈ ತತ್ತ್ವದ ಮೇಲೆಯೇ ರಚಿತವಾದುವು. ನಾಯಿಯ ಕಿವಿ ಮೂಗುಗಳಿಗೆ ಎಟುಕದ ದೂರ ಇವಕ್ಕೆ ಎಟುಕುತ್ತದೆ.

ಕುರಿಗಾಹಿಗೆ ಸಲ್ಲುವ ಮಾತು

ಇಷ್ಟರ ಮೇಲೆ ಮೊದಲ ಪ್ರಶ್ನೆಗೆ ಬರೋಣ. ಗುಡುಗು ಮನುಷ್ಯನಿಗೆ ಸಾಮಾನ್ಯವಾಗಿ 15 ಕಿಲೋಮೀಟರಿನವರೆಗೆ ಕೇಳಿಸುತ್ತದೆ. ನಾಯಿ ಅದನ್ನು 20 ಕಿಲೋಮೀಟರಿನಲ್ಲಿಯೇ ಗಮನಿಸಿತೆಂದು ಉದಾರವಾಗಿ ಒಪ್ಪಿಕೊಳ್ಳೋಣ. ಗಂಟೆಗೆ 30 ಕಿಲೋಮೀಟರು ವೇಗದಲ್ಲಿ ಬರುವ ಮೋಡಕ್ಕೆ ಆ 5 ಕಿಲೋಮೀಟರು ಸಾಗಲು 10 ನಿಮಿಷ ಸಾಕು. ನಾಯಿ ನಮಗೆ ಗಳಿಸಿಕೊಡುವ ಕಾಲ ಹೆಚ್ಚೆಂದರೆ ಇಷ್ಟು. ಆದರೆ ಸಿಡಿಲು ಮಳೆಯ ಅಂಚನ್ನು ಬಿಟ್ಟು 10 ಕಿಲೋಮೀಟರಿಗೂ ಆಚೆ ಬಡಿಯಬಲ್ಲದು. ಆದಕಾರಣ ಗುಡುಗು ಕೇಳಿಸುವಷ್ಟು ಹತ್ತಿರ ಮೋಡ ಬಂದಾಗ ಕೇಳುವವನು ಆಗಲೇ ಸಿಡಿಲಿನ ಎಲ್ಲೆಯೊಳಗಿದ್ದಾನೆ. ನಾಯಿ ಮುದುಡಿದರೆ ಅಪಾಯ ಮುಂದೆಂದೋ ಬರುವುದೆಂದಲ್ಲ, ಬಂದಿರಬಹುದೆಂದು ಅರ್ಥಮಾಡಿಕೊಳ್ಳಬೇಕು. ನಾಯಿ ಸುಮ್ಮನಿದ್ದರೆ ಅಪಾಯವಿಲ್ಲವೆಂದು ಮಾತ್ರ ಎಂದಿಗೂ ಅರ್ಥಮಾಡಬಾರದು. ಗುಡುಗಿಗೆ ಹೆದರದ ನಾಯಿಗಳೂ ಬೇಕಾದಷ್ಟಿವೆ, ವಯಸ್ಸಾಗಿ ಕಿವಿ ಮಂದವಾದವುಗಳೂ ಇವೆ.

ಗುಡುಗು ಕೇಳಿದೊಡನೆ ಒಂಟಿಮರವನ್ನು ಬಿಟ್ಟು ಭದ್ರವಾದ ಕಟ್ಟಡವನ್ನು ಸೇರುವುದು, ಕೊನೆಯ ಗುಡುಗಿನ ಮೇಲೆ 30 ನಿಮಿಷ ಕಾಯುವುದು, ಇವು ಎಲ್ಲರೂ ತಿಳಿದಿರಬೇಕಾದ ನಿಯಮಗಳು. ಮರದಡಿ ಕೂಡಿದ ಕುರಿಗಳು ಒಂದೇ ಸಿಡಿಲಿಗೆ ಹತ್ತಾರು ಸಾಯುವುದು ಪ್ರತಿಯೊಂದರ ಮೇಲೂ ಸಿಡಿಲು ಬಿದ್ದುದರಿಂದಲ್ಲ. ಮರಕ್ಕೆ ಬಡಿದ ವಿದ್ಯುತ್ತು ನೆಲದಲ್ಲಿ ಹರಡುವಾಗ ಮುಂಗಾಲಿನಿಂದ ಹಿಂಗಾಲಿಗೆ ಮೈಯೊಳಗಿಂದ ಹಾಯ್ದು ಅವು ಸಾಯುತ್ತವೆ. ಕಾಯುವ ನಾಯಿಯೂ ನಾಲ್ಕು ಕಾಲಿನದೇ. ಅದಕ್ಕೂ ಅದೇ ಗತಿ.

ಒಟ್ಟಿನಲ್ಲಿ ನಾವು ಹೇಳಬಹುದಾದುದು ಇಷ್ಟು. ನಾಯಿಗೆ ಬಿರುಮಳೆಯ ಸುಳಿವು ಕೆಲವು ವೇಳೆ ನಮಗಿಂತ ಕೆಲವು ನಿಮಿಷ ಮೊದಲು ಸಿಕ್ಕಬಹುದು. ಅದು ಸಿಕ್ಕುವುದು ಮೂಗು, ಕಿವಿ, ನೆನಪು, ಮತ್ತು ಯಜಮಾನನ ಮುಖ ಇವುಗಳಿಂದ. ಇದಕ್ಕೆ ಮೀರಿದ ದಿವ್ಯಜ್ಞಾನಕ್ಕೆ ಸಾಕ್ಷ್ಯವಿಲ್ಲ. ನಮ್ಮ ನಾಲ್ಕು ತಾಲ್ಲೂಕುಗಳ ಕಾಲೇಜುಗಳ ವಿದ್ಯಾರ್ಥಿಗಳು ಭರಣಿಯಿಂದ ಸ್ವಾತಿಯವರೆಗೆ ಒಂದು ಮಳೆಗಾಲ, ದಿನಕ್ಕೆ ಒಂದು ಸಾಲಿನಂತೆ, ನಾಯಿ ಕಳವಳಗೊಂಡಿತೆ, ಮಳೆಯಾಯಿತೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಬರೆದಿಟ್ಟರೆ ಈ ವಿಚಾರ ಇನ್ನೂ ಮುಂದುವರಿಯುತ್ತದೆ. ನಾಯಿಯ ಉತ್ತರವನ್ನು ಮಳೆ ಬರುವ ಮೊದಲೇ, ಗಳಿಗೆಯೊಡನೆ, ಬರೆಯಬೇಕು. ಮಳೆ ಬಾರದ ಸಂಜೆಯ ಸಾಲನ್ನೂ ಬಿಡಬಾರದು. ಆಗ ವರಾಹಮಿಹಿರನ ಕಾಲದಿಂದ ನಾವು ಕೇಳುತ್ತ ಬಂದ ಮಾತಿಗೆ ಮೊದಲ ಬಾರಿಗೆ ಈ ಪ್ರಾಂತದ್ದೇ ಆದ ಒಂದು ಲೆಕ್ಕ ದೊರೆತಂತಾಗುತ್ತದೆ.